ಪ್ರಕೃತಿ ಚೆನ್ನಾಗಿದೆ ಎಂಬ ಕಾಗದ

ನನ್ನ ಮೊಮ್ಮಗಳ ಮೇಲಿನ ಕೇಸು ಬಿದ್ದುಹೋಯಿತು! ಶಿಕಾರಿಪುರದ ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರು ಬಿಡುಗಡೆ ಎಂದು ಬಾಯಿಬಿಟ್ಟು ಹೇಳಿದ್ದನ್ನು ನನ್ನ ಈ ಎರಡು ಕಿವಿಗಳಿಂದ ಕೇಳಿದೆ. ಅದೇ ದಿನ ಮಧ್ಯಾಹ್ನ ಸೊರಬದ ತಾಲ್ಲೂಕು ಕಚೇರಿಯಲ್ಲಿ ಓಟಿನ ಪಟ್ಟಿಗೆಂದು ಅವಳ ಹೆಸರನ್ನೂ ಬರೆದುಕೊಂಡರು. ನನ್ನ ಅರವತ್ತೆಂಟು ವರ್ಷದಲ್ಲಿ ಇಷ್ಟು ಸಂತೋಷ ಒಂದೇ ದಿನಕ್ಕೆ ಬಂದದ್ದಿಲ್ಲ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು. ಹೇಳಿ ಹೇಳಿ ಊರೆಲ್ಲ ಮುಗಿಯಿತು, ಬರೆಯದೆ ಇರಲು ಆಗುತ್ತಿಲ್ಲ.

ಮೊಮ್ಮಗಳು ಎಂದೆ. ಅವಳು ಹುಟ್ಟಿದಾಗ ಗಂಡುಮಗು ಎಂದು ಮನೆ ಮನೆಗೆ ಸಕ್ಕರೆ ಹಂಚಿದವಳೂ ನಾನೇ. ಹತ್ತು ವರ್ಷಕ್ಕೆ ನನ್ನ ಹಳೆಯ ಸೀರೆ ಸುತ್ತಿಕೊಂಡು ಕನ್ನಡಿಯ ಮುಂದೆ ನಿಲ್ಲುತ್ತಿತ್ತು ಕೂಸು. ಅದರ ಅಪ್ಪ, ಅಂದರೆ ನನ್ನ ಮಗ, ಬೈದ, ಹೊಡೆದ, ಕೊನೆಗೆ ಕನ್ನಡಿಯನ್ನೇ ಒಡೆದ. ಏನೂ ಬದಲಾಗಲಿಲ್ಲ. ಹದಿನೆಂಟಕ್ಕೆ ಚಂದ್ರಗುತ್ತಿ ಅಮ್ಮನ ಮುಂದೆ ಮುತ್ತು ಕಟ್ಟಿಸಿಕೊಂಡು ಜೋಗಪ್ಪನಾದಳು. ಗಂಡಾಗಿ ಹುಟ್ಟಿ ಅಮ್ಮನ ಹೆಸರಿನಲ್ಲಿ ಸೀರೆ ಉಟ್ಟವರನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ, ಅವರ ಕಾಲಿಗೆ ದೊಡ್ಡವರೂ ಬೀಳುತ್ತಾರೆ. ಅಮ್ಮನನ್ನು ಕೂರಿಸಿದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಮೊದಲ ಸಲ ನಮ್ಮ ಅಂಗಳಕ್ಕೆ ಬಂದಾಗ ನಾನೂ ಬಿದ್ದೆ.

"ಏಳಜ್ಜೀ, ನಿನ್ನ ಮಂಡಿ ನೋಯ್ತಾವು" ಎಂದು ಅವಳೇ ಎಬ್ಬಿಸಿದಳು.

ನನ್ನ ಮಗ ಮಾತ್ರ ಅಂದಿನಿಂದ ಅವಳೊಂದಿಗೆ ಮಾತು ಬಿಟ್ಟ. ಎರಡನೇ ಸಲದ ಓಟಿಗೆ ಪಟ್ಟಿ ಬರೆಯಲು ಶಾನುಭೋಗರು ನಮ್ಮ ಜಗಲಿಗೆ ಬಂದು, "ಮನ್ಯಾಗೆ ಇಪ್ಪತ್ತೊಂದು ತುಂಬಿದೋರು ಯಾರ್ ಯಾರು?" ಎಂದು ಕೇಳಿದಾಗ ಮಗ ಮೂರು ಹೆಸರು ಹೇಳಿ ನಿಲ್ಲಿಸಿದ. ನಾಲ್ಕನೆಯದನ್ನು ನಾನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಅವಳು ಶಿರಾಳಕೊಪ್ಪದ ಆಚೆಯ ಒಂದು ಹಳ್ಳಿಯಲ್ಲಿ, ಬಾಡಿಗೆಗೆ ಎತ್ತಿನ ಗಾಡಿ ಹೊಡೆಯುವವನೊಬ್ಬನ ಮನೆಯಲ್ಲಿ ಇರತೊಡಗಿದ್ದಳು. ಅವನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಕಡಿಮೆ ಮಾತಿನ ಮನುಷ್ಯ, ಎತ್ತುಗಳಿಗೆ ಹಾಕಿದ ಮೇಲೆ ತಾನು ಉಣ್ಣುವವನು. ಅವರಿಬ್ಬರ ನಡುವೆ ಏನಿತ್ತು ಎಂದು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ನನ್ನ ಹೆಣ್ಣುಮಕ್ಕಳು ಗಂಡಂದಿರೊಂದಿಗೆ ಬಾಗಿಲು ಹಾಕಿಕೊಂಡಾಗ ನಾನು ಹೋಗಿ ಕೇಳಿದ್ದೆನೇ?

ಒಂದು ಸಂತೆಯ ದಿನ ಜನರ ನೂಕಿನಲ್ಲಿ ಯಾರೋ ಅವಳ ಬುಟ್ಟಿಯಿಂದ ಅಮ್ಮನ ಬೆಳ್ಳಿ ಮುಖ ಕಿತ್ತುಕೊಂಡು ಓಡಿಹೋದರು. ಅವಳು ಅಳುತ್ತ ಠಾಣೆಗೆ ಹೋದಳು. ಯಾವ ಊರಿನ ಠಾಣೆ ಎಂದು ನಾನು ಬರೆಯುವುದಿಲ್ಲ. ಅಲ್ಲಿ ನಡೆದ ಮಾತನ್ನು ಅವಳು ಆಮೇಲೆ ನನಗೆ ಒಂದೂ ಬಿಡದೆ ಹೇಳಿದಳು.

"ಹೆಸರೇನು?" ಎಂದರಂತೆ ದಫೇದಾರರು. ಅವಳು ತನ್ನ ಹೆಸರು ಹೇಳಿದಳು.

"ಅದು ಹೆಂಗಸಿನ ಹೆಸರಾತು. ಅಪ್ಪ ಇಟ್ಟ ಹೆಸರು ಹೇಳಲೇ."

"ಅದನ್ನ ಅಮ್ಮನ ಪಾದಕ್ಕೆ ಹಾಕೀನ್ರೀ. ನನ್ನ ಬೆಳ್ಳಿ ಮುಖ ಕದ್ದೋನು ಅತ್ಲಾಗೆ ಓಡಿದ್ನ್ರೀ, ಕೆಂಪು ರುಮಾಲು..."

"ರುಮಾಲು ಆಮೇಲೆ. ನೀ ಎಲ್ಲಿ ಇರ್ತಿ?"

"ಗಾಡಿಯೋರ ಮನ್ಯಾಗ್ರೀ."

"ಆ ಮನ್ಯಾಗ ಕೋಣೆ ಎಷ್ಟು?"

"ಒಂದೇ ರೀ."

ಅಷ್ಟಕ್ಕೆ ದಫೇದಾರರು ಕಾಗದ ಬದಲಿಸಿದರಂತೆ. ಕಳ್ಳನ ಮೇಲೆ ಬರೆಯಬೇಕಾದದ್ದನ್ನು ಪಕ್ಕಕ್ಕಿಟ್ಟು ಅವಳ ಮೇಲೆ ಬರೆಯಲು ಶುರು ಮಾಡಿದರು. ದೂರು ಕೊಡಲು ಒಳಗೆ ಹೋದವಳು ಆರೋಪಿಯಾಗಿ ಹೊರಗೆ ಬಂದಳು. ಮಧ್ಯೆ ಇದ್ದದ್ದು ಒಂದು ಕೋಣೆ, ಒಂದು ಸೀರೆ, ಅಷ್ಟೇ. ನಾನು ಇದನ್ನು ಎಷ್ಟು ಸಲ ಯೋಚಿಸಿದರೂ ಬೆರಗಾಗುತ್ತೇನೆ. ಬೆಳ್ಳಿ ಕಳಕೊಂಡ ಬೇರೆ ಹೆಂಗಸಾಗಿದ್ದರೆ ಕೂರಿಸಿ ನೀರು ಕೊಡುತ್ತಿದ್ದರು.

ಎಂಟು ದಿನಕ್ಕೆ ಪೇದೆಯೊಬ್ಬ ಸಮನ್ಸು ಹಿಡಿದು ನಮ್ಮ ಊರಿಗೇ ಬಂದ. ಕಾಗದದಲ್ಲಿ ಅವಳ ಹಳೆಯ ಹೆಸರಿತ್ತು. ಗಾಡಿಯವನಿಗೂ ಒಂದು ಹೋಗಿದೆ ಎಂದ. ನಾನು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದೆ: "ಪ್ರಕೃತಿ ವಿರುದ್ಧದ ಅಪರಾಧ." ಅಪರಾಧ ಗೊತ್ತು. ವಿರುದ್ಧ ಗೊತ್ತು. ಪ್ರಕೃತಿಯಂತೂ ದಿನಾ ಆಡುವ ಮಾತು. ದಾರಿಯಲ್ಲಿ ಯಾರಾದರೂ ಸಿಕ್ಕರೆ ನಾವು ಮೊದಲು ಕೇಳುವುದೇ "ಪ್ರಕೃತಿ ಹೆಂಗೈತ್ರೀ?" ಎಂದು. ಜ್ವರ ಬಂದರೆ ಪ್ರಕೃತಿ ಕೆಟ್ಟಿದೆ, ಬಿಟ್ಟರೆ ಪ್ರಕೃತಿ ನೆಟ್ಟಗಾಯಿತು.

"ಅಲ್ಲಪ್ಪಾ, ನಾವು ಹೆಂಗೈತಿ ಅಂತ ಕೇಳ್ತೀವಲ್ಲ, ಆ ಪ್ರಕೃತಿನೇ ಹೌದೇನು ಇದು?" ಎಂದು ಪೇದೆಯನ್ನು ಕೇಳಿದೆ.

ಆ ಪೇದೆಗೆ ನನ್ನ ಮಗನ ವಯಸ್ಸು. ನನ್ನ ಮುಖ ನೋಡಿದ, ಕಾಗದ ನೋಡಿದ, ಕೊನೆಗೆ ತನ್ನ ಬೂಟು ನೋಡಿಕೊಂಡ. "ಹೂಂ ಅಜ್ಜಿ... ಅಂಥಾದ್ದೇ" ಎಂದವನೇ ಸೈಕಲ್ ಹತ್ತಿ ಹೋಗಿಬಿಟ್ಟ.

ಆಗ ನನಗೆ ಎಲ್ಲ ತಿಳಿಯಿತು ಅಂದುಕೊಂಡೆ. ನಾನು ಪ್ಲೇಗು ಕಂಡವಳು. ಆಗ ಸರ್ಕಾರದವರು ಬಂದು ಮನೆ ಬಿಡಿಸಿ, ಹೆಂಚು ತೆಗೆಸಿ, ನಮ್ಮನ್ನೆಲ್ಲ ಹೊಲದ ಗುಡಿಸಲಿಗೆ ಓಡಿಸಿದ್ದರು. ಸರ್ಕಾರಕ್ಕೆ ಜನರ ಪ್ರಕೃತಿಯ ಮೇಲೆ ಅಧಿಕಾರ ಉಂಟು ಎಂಬುದು ನನಗೆ ಹೊಸದಲ್ಲ. ನನ್ನ ಮೊಮ್ಮಗಳಿಗೆ ಏನೋ ಅಂಟುರೋಗ ಇದೆ ಎಂದು ಯಾರೋ ಚಾಡಿ ಹೇಳಿರಬೇಕು. ಇಲ್ಲ ಎಂದು ತೋರಿಸಿದರೆ ಕೇಸು ಮುಗಿಯಿತಲ್ಲ!

ಅವಳನ್ನು ಕರೆಸಿ ಆನವಟ್ಟಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ವಯಸ್ಸಾದವರು.

"ಏನಾಗಿದೆಯಮ್ಮ?" ಎಂದರು.

"ಏನೂ ಆಗಿಲ್ರೀ. ಅದನ್ನೇ ಒಂದು ಚೀಟ್ಯಾಗೆ ಬರಕೊಡ್ರೀ."

ಅವರು ನಕ್ಕರು. ಆದರೂ ನಾಡಿ ಹಿಡಿದರು, ನಾಲಿಗೆ ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು. ಅವಳ ಕೊರಳಿನ ಮುತ್ತಿಗೆ ತಾಗದ ಹಾಗೆ ಕೊಳವೆಯನ್ನು ಪಕ್ಕಕ್ಕೆ ಸರಿಸಿಟ್ಟರು. ಅದು ನನ್ನ ಕಣ್ಣಿಗೆ ಬಿತ್ತು. ನಾನು ಹೇಳಿದ ಹಾಗೆ ಕನ್ನಡದಲ್ಲೇ ಬರೆದರು: "ಇವರನ್ನು ಪರೀಕ್ಷಿಸಿದೆ. ಇವರ ಪ್ರಕೃತಿ ಚೆನ್ನಾಗಿದೆ. ಯಾವ ದೋಷವೂ ಕಂಡುಬರಲಿಲ್ಲ." ಕೆಳಗೆ ರುಜು, ಮೊಹರು.

ಬರುವಾಗ ಗಾಡಿಯಲ್ಲಿ ಮೊಮ್ಮಗಳು ಸೆರಗು ಬಾಯಿಗೆ ತುರುಕಿಕೊಂಡು ನಕ್ಕದ್ದೇ ನಕ್ಕದ್ದು. ಕಣ್ಣಲ್ಲಿ ನೀರು ಬಂದಿತ್ತು. ಎಂಥದೇ ಎಂದರೆ, "ಏನಿಲ್ಲಜ್ಜೀ. ಜ್ವಾಪಾನ ಮಾಡಿ ಇಟ್ಕೋ ಆ ಕಾಗದಾನ" ಎಂದಳು. ಅವಳಿಗೆ ಎಲ್ಲ ಗೊತ್ತಿತ್ತು. ನನಗೆ ಹೇಳಲು ಅವಳಿಗೆ ಮನಸ್ಸು ಬರಲಿಲ್ಲ ಅಷ್ಟೇ.

ಆ ಕಾಗದದ ಧೈರ್ಯದ ಮೇಲೆ ನಾನು ಶಾನುಭೋಗರ ಮನೆಗೂ ಹೋದೆ. ಆ ವರ್ಷ ಮತ್ತೆ ಓಟಿನ ಪಟ್ಟಿ ತಿದ್ದುತ್ತಿದ್ದರು. ಹಿಂದೆ ನುಂಗಿಕೊಂಡ ಹೆಸರನ್ನು ಈಗಲಾದರೂ ಹೇಳೋಣ ಎಂದು.

"ಕೇಸಿರೋರಿಗೆ ಓಟಿಲ್ಲ ಕಣಜ್ಜೀ" ಎಂದರು ಅವರು ಎಲೆಯಡಿಕೆ ಜಗಿಯುತ್ತ. "ಅದೂ ಇಂಥಾ ಕೇಸು! ನಾಳೆ ಬೂತಿನಾಗೆ ಅದು ಗಂಡಸರ ಸಾಲಿಗೆ ನಿಲ್ತದೋ, ಹೆಂಗಸರ ಸಾಲಿಗೋ?"

"ಎಲ್ಲಿ ನೆರಳು ಐತೋ ಅಲ್ಲಿ ನಿಲ್ತಾಳೆ ಬಿಡ್ರೀ" ಎಂದು ಎದ್ದು ಬಂದೆ. ಬಾಯಿಗೆ ಬಂದದ್ದು ಅಂದೆ, ಆದರೆ ಮನಸ್ಸು ಕುಸಿದಿತ್ತು.

ಪ್ರಕೃತಿ ಎಂದರೆ ಏನೆಂದು ನನಗೆ ತಿಳಿದದ್ದು ಶಿಕಾರಿಪುರದ ವಕೀಲರ ಮನೆಯಲ್ಲಿ. ನಾನು ಕಾಗದ ತೆಗೆದುಕೊಟ್ಟಾಗ ಅವರು ಓದಿ ಜೋರಾಗಿ ನಕ್ಕರು. ನನ್ನ ಮುಖ ನೋಡಿ ನಿಲ್ಲಿಸಿದರು. ಕಪಾಟಿನಿಂದ ಒಂದು ಪುಸ್ತಕ ತೆಗೆದರು. ದಪ್ಪ ಅಂದರೆ ನಮ್ಮ ಮನೆಯ ರೊಟ್ಟಿ ಬಡಿಯುವ ಮಣೆಗಿಂತ ದಪ್ಪ. ಒಂದು ಪುಟ ತೆರೆದು ಬೆರಳಿಟ್ಟು, ನೆಲ ನೋಡುತ್ತ, ನಿಧಾನವಾಗಿ ಅರ್ಥ ಹೇಳಿದರು. ಸೃಷ್ಟಿಯ ಕ್ರಮಕ್ಕೆ ಒಪ್ಪದ ಕೂಟ, ಗಂಡು ಗಂಡಿನೊಂದಿಗೆ ಕೂಡುವ ಹಾಗೆ. ಜೀವ ಇರುವ ತನಕ ಜೈಲು, ಇಲ್ಲವೇ ಹತ್ತು ವರ್ಷ.

"ಇಷ್ಟೇ ಏನ್ರೀ?" ಎಂದೆ. ಆ ಪುಟದಲ್ಲಿ ಅದು ನನ್ನ ನಾಲ್ಕು ಬೆರಳಿನಷ್ಟೂ ಅಗಲ ಇರಲಿಲ್ಲ.

"ಇಷ್ಟೇ ಅಜ್ಜಿ."

"ಇಬ್ಬರೂ ಒಪ್ಪಿ ಇದ್ರೂ?"

"ಒಪ್ಪಿಗೀನ ಇದು ಕೇಳಂಗಿಲ್ಲ."

"ಯಾರು ಬರದದ್ದು ಇದನ್ನ?"

"ಇಂಗ್ಲೀಷರು. ಅವರು ಹೋದರು. ಪುಸ್ತಕ ಇಲ್ಲೇ ಉಳೀತು."

ಆಮೇಲೆ ಅವರು ಇನ್ನೊಂದು ಪುಸ್ತಕ ತೋರಿಸಿದರು. ನಮ್ಮವರೇ ಬರೆದದ್ದಂತೆ, ಸಂವಿಧಾನವಂತೆ. ಕಾನೂನಿನ ಮುಂದೆ ಎಲ್ಲರೂ ಸಮ ಎಂದು ಅದರಲ್ಲಿ ಇದೆಯಂತೆ. ಎರಡನ್ನೂ ಒಂದೇ ಕಪಾಟಿನಲ್ಲಿ ಒಂದಕ್ಕೊಂದು ಒತ್ತಿಕೊಂಡ ಹಾಗೆ ಇಟ್ಟಿದ್ದರು. ನಾನು ಆ ಕಪಾಟನ್ನೇ ನೋಡುತ್ತ ಕೂತೆ. ಎಲ್ಲರೂ ಸಮ ಎನ್ನುವ ಪುಸ್ತಕ, ನಿನ್ನ ಮೊಮ್ಮಗಳು ಒಂದು ಕೋಣೆಯ ಮನೆಯಲ್ಲಿ ಇದ್ದರೆ ಜೈಲು ಎನ್ನುವ ಪುಸ್ತಕ, ಜಗಳವಾಡದೆ ಅಕ್ಕಪಕ್ಕ ಹೇಗೆ ನಿಂತಿದ್ದಾವೆ?

"ಓಟು?" ಎಂದು ಕೇಳಿದೆ.

"ಕೇಸಿದ್ದರೆ ಓಟಿಲ್ಲ ಅಂತ ಎಲ್ಲೂ ಬರದಿಲ್ಲ. ಜೈಲಿನ ಒಳಗೆ ಕೂತೋರು ಹಾಕಂಗಿಲ್ಲ, ಅಷ್ಟೇ. ನಿಮ್ಮ ಶಾನುಭೋಗರ ಬಾಯಾಗೆ ಐತಿ ಆ ಕಾನೂನು." ತಾಲ್ಲೂಕಿಗೆ ದೊಡ್ಡವರಾದ ಅಮಲ್ದಾರರಿಗೆ ಒಂದು ಪತ್ರ ಬರೆದುಕೊಡುವುದಾಗಿ ಹೇಳಿದರು.

ಹನ್ನೊಂದು ತಿಂಗಳು ಎಳೆದಾಡಿದ ಮೇಲೆ ವಿಚಾರಣೆಯ ದಿನ ಬಂತು. ನನ್ನನ್ನು ಬಸ್ಸಿಗೆ ಹತ್ತಿಸಿ ಇಳಿಸಲು ಯಾರಾದರೂ ಬೇಕಿತ್ತು, ಮಗ ಬಂದ. "ನಾ ಒಳಗೆ ಬರಲ್ಲ" ಎಂದು ಕೋರ್ಟಿನ ಬಾಗಿಲ ಹೊರಗೆ ಕಂಬಕ್ಕೆ ಒರಗಿ ನಿಂತ. ಮೊಮ್ಮಗಳು ಹಸಿರು ಸೀರೆ ಉಟ್ಟು, ಹಣೆಗೆ ಭಂಡಾರ ಹಚ್ಚಿಕೊಂಡು, ಗಾಡಿಯವನ ಪಕ್ಕದಲ್ಲಿ ನಿಂತಿದ್ದಳು.

ಜವಾನ ಬಾಗಿಲಿಗೆ ಬಂದು ಅವಳ ಹಳೆಯ ಹೆಸರನ್ನು ಕೂಗಿದ. ಅವಳು ಅಲುಗಲಿಲ್ಲ. ಎರಡನೇ ಸಲ ಕೂಗಿದ. ಮೂರನೇ ಸಲ ಇನ್ನೂ ಗಟ್ಟಿಯಾಗಿ ಕೂಗಿದ. ಆ ಹೆಸರು ಇಟ್ಟವನು ಕಂಬದ ಹತ್ತಿರ ನಿಂತಿದ್ದ. ಓ ಅನ್ನುವವರು ಯಾರೂ ಇರಲಿಲ್ಲ. ನನ್ನ ಮಗನ ಮುಖ ಆಗ ಹೇಗಾಯಿತೆಂದು ನಾನು ನೋಡಿದೆ, ಬರೆಯಲು ಬರುವುದಿಲ್ಲ. ವಕೀಲರು ಎದ್ದು "ಹಾಜರಿದ್ದಾರೆ ಸ್ವಾಮಿ" ಎಂದು ಅವಳನ್ನು ಕಟಕಟೆಗೆ ಕರೆದರು.

ದಫೇದಾರರು ಸಾಕ್ಷಿ ಹೇಳಿದರು. ಮ್ಯಾಜಿಸ್ಟ್ರೇಟರು ಕನ್ನಡಕದ ಮೇಲಿಂದ ನೋಡಿದರು.

"ನೀವು ಕಣ್ಣಾರೆ ಕಂಡದ್ದೇನು?"

"ಸೀರೆ ಸ್ವಾಮಿ. ಗಂಡಸಾಗಿ ಸೀರೆ ಉಟ್ಟಿದ್ದ."

"ಅದು ಈಗ ನನಗೂ ಕಾಣ್ತಿದೆ. ಬೇರೆ?"

"ಮನೇಲಿ ಒಂದೇ ಕೋಣೆ ಸ್ವಾಮಿ."

"ಈ ತಾಲ್ಲೂಕಿನಲ್ಲಿ ಎರಡು ಕೋಣೆ ಇರೋ ಮನೆ ಎಷ್ಟಿವೆ?"

ಹಿಂದೆ ಕೂತವರು ಕಿಸಕ್ಕೆಂದರು. ಮ್ಯಾಜಿಸ್ಟ್ರೇಟರು ಪೊಲೀಸರ ಕಡೆಯ ವಕೀಲರತ್ತ ತಿರುಗಿ, "ಡಾಕ್ಟರ ವರದಿ ಎಲ್ಲಿ?" ಎಂದರು. ಅವರು ಕಾಗದ ಮೇಲೆ ಕೆಳಗೆ ಮಾಡಿದರು. ಮತ್ತೆ ಮಾಡಿದರು. ಇರಲಿಲ್ಲ.

ನನಗೆ ಹೇಗೆ ಸುಮ್ಮನಿರಲಾದೀತು? "ನನ್ನ ಹತ್ರ ಐತ್ರೀ ಸ್ವಾಮೀ!" ಎಂದು ಎದ್ದೇಬಿಟ್ಟೆ.

ನಮ್ಮ ವಕೀಲರು ಹಣೆ ಹಿಡಿದುಕೊಂಡರು. ಸೊಂಟದ ಚೀಲದಿಂದ ನಾನು ತೆಗೆದ ಕಾಗದವನ್ನು ಜವಾನ ಮೇಲಕ್ಕೆ ಕೊಟ್ಟ. ಮ್ಯಾಜಿಸ್ಟ್ರೇಟರು ಬಿಡಿಸಿ ಗಟ್ಟಿಯಾಗಿ ಓದಿದರು: "ಇವರ ಪ್ರಕೃತಿ ಚೆನ್ನಾಗಿದೆ. ಯಾವ ದೋಷವೂ ಕಂಡುಬರಲಿಲ್ಲ." ಕೋರ್ಟು ಕೋರ್ಟೇ ನಕ್ಕಿತು. ದಫೇದಾರರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು.

ಮ್ಯಾಜಿಸ್ಟ್ರೇಟರು ನಗಲಿಲ್ಲ. "ಸುಮ್ಮನಿರಿ" ಎಂದರು. ಮನಸ್ಸಿನಲ್ಲೇ ಇನ್ನೊಂದು ಸಲ ಓದಿಕೊಂಡರು. "ಇದು ಈ ಕೇಸಿಗೆ ಸಾಕ್ಷ್ಯವಾಗೋದಿಲ್ಲ, ಅಜ್ಜಿ. ಆದರೆ ಇಷ್ಟು ದೊಡ್ಡ ಕಡತದಲ್ಲಿ ಒಬ್ಬ ವೈದ್ಯರು ನೋಡಿ ಬರೆದದ್ದು ಅಂತ ನನ್ನ ಮುಂದೆ ಬಂದಿರೋದು ಇದೊಂದೇ" ಎಂದರು. ಆಮೇಲೆ ಇಂಗ್ಲಿಷಿನಲ್ಲಿ ಏನೇನೋ ಹೇಳಿ ಬರೆಸಿದರು. ಕೊನೆಗೆ ನಮಗೆ ತಿಳಿಯಲೆಂದು ಕನ್ನಡದಲ್ಲಿ: "ಆರೋಪಕ್ಕೆ ಆಧಾರವಿಲ್ಲ. ಇಬ್ಬರನ್ನೂ ಬಿಡುಗಡೆ ಮಾಡಿದೆ."

ಕಾಗದವನ್ನು ನನಗೆ ವಾಪಸು ಕೊಟ್ಟರು, ಎರಡೂ ಕೈಯಿಂದ.

ಹೊರಗೆ ಬಂದು ನಾನು ಕುಣಿಯುವುದೊಂದು ಬಾಕಿ. ವಕೀಲರೇ ತಣ್ಣಗೆ ಹೇಳಿದರು: "ಸೆಕ್ಷನ್ನು ಎಲ್ಲೂ ಹೋಗಿಲ್ಲ ಅಜ್ಜಿ. ಪುಸ್ತಕದಾಗೆ ಹಂಗೇ ಐತಿ. ನಾಳೆ ಇನ್ನೊಬ್ಬ ದಫೇದಾರ ಬೇಕಂದ್ರೆ ಮತ್ತೆ ತೆಗೀಬಹುದು." ಅದು ನನಗೆ ಗೊತ್ತು. ಬೆಳ್ಳಿ ಮುಖದ ದೂರನ್ನೂ ಇವತ್ತಿನ ತನಕ ಯಾರೂ ಬರೆದುಕೊಂಡಿಲ್ಲ. ಆದರೂ ಆ ಹೊತ್ತಿನಲ್ಲಿ ನನಗೆ ಕಂಡದ್ದು ಬಿಸಿಲಲ್ಲಿ ನಿಂತಿದ್ದ ಅವರಿಬ್ಬರು ಮಾತ್ರ.

ನಾವು ನಾಲ್ವರೂ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಸೊರಬಕ್ಕೆ ಬಂದಾಗ ಕಚೇರಿ ಇನ್ನೂ ತೆರೆದಿತ್ತು. ಅಮಲ್ದಾರರು ಪತ್ರ ಓದಿ, "ಕೇಸಿದ್ದಾಗಲೂ ಬರೀಬೇಕಿತ್ತಲ್ಲ! ಯಾರು ಬೇಡ ಅಂದಿದ್ದು?" ಎಂದು ಗುಮಾಸ್ತರ ಮೇಜಿಗೆ ಕಳಿಸಿದರು. ಗುಮಾಸ್ತರಿಗೆ ಕೋರ್ಟಿನ ಕತೆ ಏನೂ ಗೊತ್ತಿಲ್ಲ. ತಲೆ ಎತ್ತಿ ಹಸಿರು ಸೀರೆ ನೋಡಿದರು, ಅರ್ಜಿಯಲ್ಲಿ "ಹೆಣ್ಣು" ಎಂದು ಬರೆದೇಬಿಟ್ಟರು. ನಾನು ಉಸಿರು ಹಿಡಿದು ನೋಡಿದೆ. ಬೆಳಿಗ್ಗೆ ಒಂದು ಕಚೇರಿ ಗಂಡಸು ಎಂದು ಮೂರು ಸಲ ಕೂಗಿತ್ತು, ಮಧ್ಯಾಹ್ನ ಇನ್ನೊಂದು ಕಚೇರಿ ಹೆಣ್ಣು ಎಂದು ಕೇಳದೆಯೇ ಬರೆಯಿತು. ಸರ್ಕಾರ ಒಂದೇ, ಸೀರೆಯೂ ಒಂದೇ.

"ಹೆಸರು?" ಎಂದರು. ಅವಳು ಹೇಳಿದಳು, ಬರೆದರು.

"ತಂದೆ ಇಲ್ಲಾ ಗಂಡನ ಹೆಸರು?"

ಅವಳು ಒಮ್ಮೆ ಗಾಡಿಯವನ ಕಡೆ ನೋಡಿದಳು, ಆಮೇಲೆ ನೆಲ ನೋಡಿದಳು. ಗುಮಾಸ್ತರು ಎಷ್ಟು ಹೆಂಗಸರನ್ನು ಕಂಡಿದ್ದರೋ, ನಕ್ಕು ಹೇಳಿದರು: "ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅಲ್ವಾ? ನಿಮ್ಮದೆಲ್ಲ ಇದೇ ಗೋಳು. ಪಕ್ಕದೋರು ಯಾರಾದ್ರೂ ಹೇಳ್ರೀ ಮತ್ತೆ."

ಗಾಡಿಯವನು ಬಾಯಿ ತೆರೆದು ಮುಚ್ಚಿದ. ಅವನು ಹೇಳಿದ್ದರೆ ಆ ದಪ್ಪ ಪುಸ್ತಕ ಮತ್ತೆ ತೆರೆದುಕೊಳ್ಳುತ್ತಿತ್ತು, ಅದು ಅವನಿಗೂ ಗೊತ್ತಿತ್ತು. ನಾನು ಏನಾದರೂ ಹೇಳೋಣ ಎನ್ನುವಷ್ಟರಲ್ಲಿ ಹಿಂದಿನಿಂದ ಒಂದು ದನಿ ಬಂತು.

"ತಂದೆ ಹೆಸರು ಬರ್ಕೊಳ್ರೀ."

ನನ್ನ ಮಗ. ಬಾಗಿಲು ದಾಟಿ ಒಳಗೆ ಬಂದಿದ್ದ. ಮೇಜಿನ ಹತ್ತಿರ ಬಂದು ತನ್ನ ಹೆಸರು ಹೇಳಿದ, ತನ್ನ ಅಪ್ಪನ ಹೆಸರು ಹೇಳಿದ, ಊರು ಹೇಳಿದ. ಗುಮಾಸ್ತರು ಬರೆಯುವ ತನಕ ನಿಂತಿದ್ದ. "ಸರಿಯಾಗಿ ಬಂತಾ ನೋಡವ್ವ" ಎಂದು ನನಗೆ ಹೇಳಿದ. ಅವಳ ಹೆಸರು, ಅದರ ಮುಂದೆ ಅವನ ಹೆಸರು. ಎಂಟು ವರ್ಷ ಒಂದು ಮಾತಿಲ್ಲದ ಇಬ್ಬರು ಒಂದೇ ಸಾಲಿನಲ್ಲಿ. ನಾನು ಅಕ್ಷರ ಕೂಡಿಸುತ್ತ ಕೂಡಿಸುತ್ತ ಕಣ್ಣು ಮಂಜಾಗಿ, ಗುಮಾಸ್ತರು "ಏನಜ್ಜೀ, ತಪ್ಪಾಯ್ತಾ?" ಎಂದು ಕೇಳಬೇಕಾಯಿತು.

ಹೊತ್ತು ಇಳಿಯುವಾಗ ಎಲ್ಲರೂ ಮನೆ ಸೇರಿದೆವು. ಸೊಸೆಗೆ ಸುದ್ದಿ ಮೊದಲೇ ಮುಟ್ಟಿ ಒಲೆಯ ಮೇಲೆ ಶ್ಯಾವಿಗೆ ಪಾಯಸ ಕುದಿಯುತ್ತಿತ್ತು. ಬದನೆಕಾಯಿ ಪಲ್ಯ, ಬಿಸಿ ರೊಟ್ಟಿ, ಬೆಣ್ಣೆ. ಮುತ್ತುಗದ ಎಲೆ ಹಾಕಿ ಎಲ್ಲರನ್ನೂ ಸಾಲಾಗಿ ಕೂರಿಸಿದಳು. ಗಾಡಿಯವನು ಮಾತ್ರ ಹೊಸ್ತಿಲ ಆಚೆಯೇ ನಿಂತಿದ್ದ.

"ಅಲ್ರೀ, ಎತ್ತಿಗೆ ಹಾಕೋ ಹಂಗೆ ಅಲ್ಲಿಗೇ ತಂದು ಹಾಕ್ಲೇನು? ಒಳಗೆ ಬರ್ರೀ, ರೊಟ್ಟಿ ಆರ್ತಾವೆ" ಎಂದಳು ಸೊಸೆ.

"ನಂಗೆ ಅಷ್ಟು ಹಸಿವಿಲ್ಲ ಅಮ್ಮಾರೆ..."

"ಸುಳ್ಳು ಹೇಳ್ತಾರೆ ಅವ್ವಾ, ನಿನ್ನೆಯಿಂದ ಉಂಡಿಲ್ಲ" ಎಂದಳು ನನ್ನ ಮೊಮ್ಮಗಳು. ಸಣ್ಣ ಮೊಮ್ಮಕ್ಕಳು ಹೋ ಎಂದು ನಕ್ಕು ಅವನನ್ನು ಕೈ ಹಿಡಿದು ಎಳೆದು ತಂದರು. ನನ್ನ ಮಗ ಒಂದಿಷ್ಟು ಸರಿದು ಜಾಗ ಮಾಡಿಕೊಟ್ಟ. ಸ್ವಲ್ಪ ಹೊತ್ತಿಗೆ ತಲೆ ಎತ್ತದೆ ಹೆಂಡತಿಗೆ, "ಅವಳ ಎಲೆ ಖಾಲಿ ಆಗೈತಿ, ಕಾಣದೇನು ನಿಂಗೆ?" ಎಂದ. ಸೊಸೆ ಎರಡು ರೊಟ್ಟಿ ಹಾಕಿದಳು. ಗಾಡಿಯವನು ಹಸಿವಿಲ್ಲ ಎನ್ನುತ್ತಲೇ ಐದು ತಿಂದ, ಆರನೆಯದಕ್ಕೆ ಬೇಡ ಎನ್ನಲೂ ಇಲ್ಲ. ಪಾಯಸ ತಳ ಕಂಡಾಗ ಮಕ್ಕಳು ಪಾತ್ರೆಗೇ ಕೈ ಹಾಕಿದರು, ಯಾರೂ ಬೈಯಲಿಲ್ಲ.